ಹಾಸಿಗೆ ಅಂಗಡಿಗೆ ಇನ್‌ಫ್ಲುಯೆನ್ಸ್ ಬಂದದ್ದು

ಡಿಜಿಟಲ್ ಮಾರ್ಕೆಟಿಂಗ್ ಅನ್ನೋ ಕೆಲಸದಲ್ಲಿ ನಾವು ಹೇಳೋದು ಒಂದು, ಗಿರಾಕಿ ಕಿವಿಗೆ ಬೀಳೋದು ಇನ್ನೊಂದು. ನಮ್ಮ ಚನ್ನಗಿರಿ ಆಫೀಸಲ್ಲಿ ಇದಕ್ಕೆ ಭಾನುವಾರವೂ ರಜೆ ಇಲ್ಲ.

ಆಫೀಸು ಅಂದ್ರೆ ಗೊಬ್ಬರದಂಗಡಿಗೆ ಅಂಟಿಕೊಂಡ ಒಂದು ರೂಮು. ಓನರನ್ನ ನಾನು ಅಕ್ಕ ಅಂತೀನಿ. ಬಿ.ಕಾಂ. ಮುಗಿಸಿ, ಮೊಬೈಲಲ್ಲೇ ಮಾರ್ಕೆಟಿಂಗ್ ಕೋರ್ಸ್ ಮಾಡಿದಾಳೆ. ನಾನು ಎಸ್ಸೆಸ್ಸೆಲ್ಸೀಲಿ ಗಣಿತ ಡುಮ್ಕಿ. ಆದ್ರೂ ನನ್ನ ಐಡಿ ಕಾರ್ಡಲ್ಲಿ ‘ಕ್ರಿಯೇಟಿವ್ ಹೆಡ್’ ಅಂತೈತೆ. ಕಾರ್ಡು ಡಿಸೈನ್ ಮಾಡಿದೋನು ನಾನೇ.

ರೂಮು ಮತ್ತೆ ಗೊಬ್ಬರದಂಗಡಿ ಎರಡೂ ಅಕ್ಕನ ಅಣ್ಣಂದು. ನಮ್ಮಲ್ಲಿ ಒಂದು ಗಿರಾಕಿ ಬಿಟ್ಟುಹೋದ್ರೆ ಅವನು ಗೊಬ್ಬರದ ಚೀಲ ತಂದು ರೂಮಲ್ಲಿ ಒಟ್ಟೋನು. “ಖಾಲಿ ಜಾಗ ಸುಮ್ನೆ ಯಾಕೆ ಬಿಡ್ಬೇಕು” ಅನ್ನೋನು. ಕೊನೆಕೊನೆಗೆ ಒಂದು ಟೇಬಲ್ಲು, ಎರಡು ಕುರ್ಚಿ ಬಿಟ್ರೆ ಉಳಿದಿದ್ದೆಲ್ಲ ಯೂರಿಯಾ. ಗಿರಾಕೀನೂ ಒಬ್ಬರೇ ಉಳಿದಿದ್ರು, ನ್ಯಾಮತೀಲಿ ಹತ್ತಿ ಹಾಸಿಗೆ ಮಾಡಿ ಮಾರೋ ಚಾಚಾ.

“ಅವರೂ ಹೋಗ್ಲಿ, ಟೇಬಲ್ ಮೇಲೂ ಜಾಗ ಐತೆ” ಅಂದ ಅಣ್ಣ.

೧. ರಿಲೇಷನ್

ಅಕ್ಕ ನ್ಯಾಮತಿಗೆ ಹೋಗಿ ಚಾಚಾನ ಮುಂದೆ ಕೂತು ಹೇಳಿದ್ಲು, “ಚಾಚಾ, ಬರೀ ಜಾಹೀರಾತು ಹಾಕಿದ್ರೆ ಸಾಲಲ್ಲ. ಪಬ್ಲಿಕ್ ರಿಲೇಷನ್ನೂ ಬೇಕು.”

ಚಾಚಾ ಹಾಸಿಗೆಗೆ ಹೊಲಿಗೆ ಹಾಕ್ತಾ ತಲೆ ಎತ್ತಲಿಲ್ಲ. “ರಿಲೇಷನ್ ಬ್ಯಾಡಮ್ಮ. ಇರೋದೇ ಜಾಸ್ತಿ ಆಗೈತೆ. ಕೆರೆಬಿಳಚೀಲಿ ನಮ್ಮೋರ ಮದುವೆ ಅಂದ್ರೆ ಬಿರಿಯಾನಿ ಎರಡು ಸಲ ಒಲೆ ಮ್ಯಾಲೆ ಏರ್ತೈತೆ.”

“ಆ ರಿಲೇಷನ್ ಅಲ್ಲ ಚಾಚಾ. ಕನ್ನಡದಲ್ಲಿ ಹೇಳ್ತೀನಿ ಕೇಳ್ರಿ. ಊರ ಜನರ ಜೊತೆ ಒಳ್ಳೆ ಸಂಬಂಧ ಬೆಳೆಸೋದು.”

ಈಗ ಚಾಚಾ ಸೂಜಿ ಕೆಳಗಿಟ್ಟು, ಟೋಪಿ ಸರಿ ಮಾಡ್ಕಂಡು, ಒಳಗೆ ತಿರುಗಿ ಚಾ ಹೇಳಿದ್ರು.

“ಸಂಬಂಧಾನಾ? ಮೊದಲೇ ಹೇಳಬಾರ್ದಾ. ನಮ್ಮ ಸಣ್ಣ ಮಗನಿಗೂ ನೋಡ್ತಾ ಇದೀವಿ. ಹುಡುಗಿ ಯಾವ ಊರೋಳು?”

೨. ಒಂದನೇ ನಂಬರ್

ರಿಲೇಷನ್ ಅಷ್ಟು ಇರೋವಾಗ ಬಳಸ್ಕಳ್ಳೋಣ ಅಂತ ಅಕ್ಕ ಒಂದು ಉಪಾಯ ಮಾಡಿದ್ಲು. “ಚಾಚಾ, ಮ್ಯಾಪಲ್ಲಿ ನಿಮ್ಮ ಅಂಗಡಿ ಹೆಸರು ಹಾಕಿದೀವಿ. ಅದರ ಕೆಳಗೆ ಐದು ಸ್ಟಾರ್ ಐತೆ. ನಿಮ್ಮೋರಿಗೆಲ್ಲ ಒತ್ತಾಕೆ ಹೇಳ್ರಿ.”

ಚಾಚಾ ಮಾತು ತಪ್ಪೋ ಮನುಷ್ಯ ಅಲ್ಲ. ಮಾರನೇ ದಿನ ನೋಡಿದ್ರೆ ಇಡೀ ಕೆರೆಬಿಳಚಿ ಒತ್ತಿತ್ತು. ಒಬ್ಬೊಬ್ಬರದೂ ಒಂದೇ ಸ್ಟಾರು. ಪಕ್ಕದಲ್ಲಿ ‘ಇಂಥ ಹಾಸಿಗೆ ಜಿಲ್ಲೇಲೇ ಇಲ್ಲ’, ‘ಒಂದು ಸಲ ಮಲಗಿದ್ರೆ ಜೀವಮಾನ ಮರೆಯಲ್ಲ’ ಅಂತ ಬರೆದಿದ್ರು. ಒಂದು ಸ್ಟಾರಿನ ಪಕ್ಕ ಓದಿದ್ರೆ ಅದು ಹೊಗಳಿಕೆ ಥರ ಕಾಣ್ತಿರಲಿಲ್ಲ.

ಅಕ್ಕ ಗಾಬರಿಯಾಗಿ ಫೋನ್ ಮಾಡಿದ್ಲು. “ಚಾಚಾ, ನಿಮಗೆ ಯಾರಾದ್ರೂ ದುಶ್ಮನ್ ಇದಾರಾ?”

“ದುಶ್ಮನ್ ಯಾಕಮ್ಮ, ನಮ್ಮೋರೇ ಒತ್ತಿದ್ದು. ಐದನೇ ನಂಬರ್ ಒತ್ತಾಕೆ ನಮ್ಮ ಅಂಗಡಿ ಏನು ಅಷ್ಟು ಕಡೆನಾ? ಒಬ್ರೂ ತಪ್ಪದಂಗೆ ಒಂದನೇ ನಂಬರ್ ಕೊಟ್ಟಿದಾರೆ.”

ಅಕ್ಕ ಹಣೆ ಹಿಡ್ಕಂಡಳು. ಚಾಚಾ ಸ್ವರ ತಗ್ಗಿಸಿ ಮುಂದುವರಿಸಿದ್ರು, “ಇನ್ನೊಂದು ಖುಷಿ ಸುದ್ದಿ ಕೇಳು. ಎದುರಿಗೆ ಫೋಮ್ ಹಾಸಿಗೆ ಅಂಗಡಿ ಐತಲ್ಲ, ಅವನಿಗೆ ಎಲ್ಲರೂ ಸೇರಿ ಐದನೇ ನಂಬರ್ ಒತ್ತಿ ಮಾನ ಕಳೆದಿದೀವಿ.”

೩. ಇನ್‌ಫ್ಲುಯೆನ್ಸ್

ಎದುರಿನ ಫೋಮ್ ಅಂಗಡಿಗೆ ಜನ ನುಗ್ಗಾಕೆ ಶುರುವಾದ ಮೇಲೆ ಚಾಚಾನಿಗೆ ಸ್ಟಾರಿನ ಲೆಕ್ಕ ತಿಳೀತು. “ಈ ಭಾನುವಾರ ನನ್ನ ಅಂಗಡಿ ಮುಂದೆ ಜನ ನಿಲ್ಲಿಸು. ಇಲ್ಲಾಂದ್ರೆ ನಿನ್ನ ಬಿಟ್ಟು ಆಟೋಗೆ ಮೈಕ್ ಕಟ್ಟಿ ಕೂಗಿಸ್ತೀನಿ” ಅಂತ ಫೋನಲ್ಲಿ ಜೋರು ಮಾಡಿದ್ರು. ಇದು ಕೇಳಿಸ್ಕಂಡ ಅಣ್ಣ ಎರಡು ಚೀಲ ತಂದು ಬಾಗಿಲಲ್ಲೇ ಇಟ್ಟ. “ಈಗ್ಲೇ ಒಳಗೆ ಬ್ಯಾಡ, ಭಾನುವಾರ ಆಗ್ಲಿ” ಅಂದ.

ಅಕ್ಕ ಜಗಳೂರಿನ ಒಬ್ಬ ಇನ್‌ಫ್ಲುಯೆನ್ಸರನ್ನ ಒಪ್ಪಿಸಿದ್ಲು. ಕಾಮಿಡಿ ರೀಲ್ಸ್ ಮಾಡೋ ಹುಡುಗ, ಬೇಕಾದಷ್ಟು ಫಾಲೋವರ್ಸ್ ಇದ್ರು. ಪೋಸ್ಟರ್ ಕೆಲಸ ನನಗೆ ಬಂತು.

ಚಾಚಾ, “ಇನ್‌ಫ್ಲುಯೆನ್ಸರ್ ಅಂದ್ರೆ ಯಾರಿಗೂ ತಿಳಿಯಲ್ಲ. ಜನಕ್ಕೆ ಅರ್ಥ ಆಗೋ ಹಂಗೆ ಹಾಕಪ್ಪ” ಅಂದ್ರು.

ಹಂಗೇ ಹಾಕಿದೆ. ‘ಭಾನುವಾರ ನಮ್ಮ ಅಂಗಡಿಗೆ ಭಾರೀ ಇನ್‌ಫ್ಲುಯೆನ್ಸ್ ಇರೋರು ಬರ್ತಾರೆ. ಎಲ್ಲರೂ ಬನ್ನಿ.’

ನಮ್ಮ ಕಡೆ ಇನ್‌ಫ್ಲುಯೆನ್ಸ್ ಅಂದ್ರೆ ಒಂದೇ ಅರ್ಥ, ಸರ್ಕಾರಿ ಆಫೀಸಲ್ಲಿ ಕೂತ ಫೈಲನ್ನ ಎಬ್ಬಿಸಿ ನಡೆಸೋ ತಾಕತ್ತು. ಇದು ನನಗೆ ಗೊತ್ತಿರಲಿಲ್ಲ ಅಂತ ನಾನು ಎಲ್ಲೂ ಹೇಳಿಲ್ಲ.

ಭಾನುವಾರ ರಸ್ತೆ ತುಂಬ ಜನ. ಎಲ್ಲರ ಕೈಯಲ್ಲೂ ಅರ್ಜಿ. ಒಬ್ಬರಿಗೆ ಪಿಂಚಣಿ, ಒಬ್ಬರಿಗೆ ಟ್ರಾನ್ಸ್‌ಫಾರ್ಮರ್, ಒಂದು ಇಡೀ ಊರಿಗೆ ಬಸ್ ಸ್ಟಾಪು. ಅಕ್ಕ ನನ್ನ ಕಡೆ ನೋಡಿದ್ಲು. ನಾನು ಹಾಸಿಗೆ ಕಡೆ ನೋಡಿದೆ.

ಜಗಳೂರಿನ ಹುಡುಗ ಬೆಳಗಿನ ಜಾವ ಎದ್ದು, ದಾವಣಗೆರೇಲಿ ಬಸ್ ಬದಲಿಸಿ, ದಾರಿಯುದ್ದಕ್ಕೂ ನಿಂತೇ ಬಂದಿದ್ದ. ಬಿಳಿ ಶರ್ಟು, ಕಪ್ಪು ಕನ್ನಡಕ ಬೇರೆ. ಜನ ಎದ್ದು ನಿಂತು ಕೈ ಮುಗಿದ್ರು.

“ಸಾಹೇಬ್ರು ಯಾವ ಇಲಾಖೆ?” ಒಬ್ಬರು ಕೇಳಿದ್ರು.

“ನಾನು ಕಾಮಿಡಿ ಮಾಡ್ತೀನ್ರೀ.”

“ಎಲ್ಲಾ ಇಲಾಖೇಲೂ ಅದೇ ನಡೆಯೋದು. ನೀವೊಬ್ರಾದ್ರೂ ಒಪ್ಕಂಡ್ರಲ್ಲ.”

ಚಾಚಾ ಅವನನ್ನ ಇದ್ದಿದ್ದರಲ್ಲೇ ದಪ್ಪ ಹಾಸಿಗೆ ಮೇಲೆ ಕೂರಿಸಿದ್ರು. ನಾನು ಅವನ ಫೋನ್ ಹಿಡಿದು ಅವನ ಪೇಜಲ್ಲೇ ಲೈವ್ ಶುರು ಮಾಡಿದೆ. ಹೊನ್ನಾಳಿ ಕಡೆಯ ಒಬ್ಬ ಅಜ್ಜ ಮುಂದೆ ಬಂದು, “ಜಮೀನು ಪೋಡಿ ಆಗಿಲ್ಲ ಸ್ವಾಮಿ, ಪಾಲು ಅಳೆದು ಬೇರೆ ಮಾಡಿಲ್ಲ. ನಮ್ಮ ಮುತ್ತಾತನ ಕಾಲದಿಂದ ಓದ್ತೀನಿ” ಅಂತ ಅರ್ಜಿ ಬಿಚ್ಚಿದ.

ಮುತ್ತಾತ ಇರೋವರೆಗೆ ಹುಡುಗ ನೆಟ್ಟಗೆ ಕೂತಿದ್ದ. ತಾತನ ಕಾಲಕ್ಕೆ ದಿಂಬಿಗೆ ಒರಗಿದ. ಅಪ್ಪನ ಕಾಲ ಬರೋಷ್ಟರಲ್ಲಿ ಕಾಲು ಚಾಚಿ ಗೊರಕೆ ಹೊಡೀತಿದ್ದ. ಅಕ್ಕ ಲೈವ್ ನಿಲ್ಲಿಸು ಅಂತ ಕೈ ಮಾಡಿದ್ಲು. ನಾನು ಅದನ್ನ ‘ಹತ್ರ ಹೋಗಿ ತೋರ್ಸು’ ಅಂತ ತಿಳ್ಕಂಡೆ.

ಕೆಳಗೆ ಕಾಮೆಂಟ್ ಸುರಿಯಾಕೆ ಹತ್ತಿದ್ವು. ‘ಆ ಹಾಸಿಗೆ ರೇಟ್ ಏನ್ರೀ?’ ‘ಇಷ್ಟು ಗದ್ದಲದಾಗೂ ನಿದ್ದೆ ಬರ್ತೈತಾ?’ ‘ನಮ್ಮ ಯಜಮಾನ್ರಿಗೆ ಒಂದು ಕಳಿಸ್ರಿ.’ ಸಂಜೆಯೊಳಗೆ ಚಾಚಾನ ಅಂಗಡೀಲಿ ಹತ್ತಿ ಖಾಲಿ. ಇನ್ಮೇಲೂ ನನ್ನ ಜಾಹೀರಾತು ಕೆಲಸ ನಿನ್ನ ತಂಗಿಗೇ ಅಂತ ಚಾಚಾ ಫೋನಲ್ಲೇ ಅಣ್ಣನಿಗೆ ಹೇಳಿದ್ರು. ಬಾಗಿಲಲ್ಲಿದ್ದ ಎರಡು ಚೀಲಾನ ಅಣ್ಣ ತಾನೇ ಹೊತ್ಕಂಡು ವಾಪಸ್ ಹೋದ ಅಂತ ಆಮೇಲೆ ತಿಳೀತು.

ಅಕ್ಕನಿಗೆ ಮಾತ್ರ ಅಜ್ಜನ್ನ ನೋಡಿ ಮನಸ್ಸು ತಡೀಲಿಲ್ಲ. ಹತ್ರ ಹೋಗಿ, “ಬೇಜಾರಾಗಬ್ಯಾಡ್ರಿ ಅಜ್ಜ. ಅವರು ಅಧಿಕಾರಿ ಅಲ್ಲ. ಸುಮ್ನೆ ವಿಡಿಯೋ ಮಾಡೋ ಹುಡುಗ” ಅಂದ್ಲು.

ಅಜ್ಜ ಅರ್ಜಿ ಮಡಚಿ ಜೇಬಿಗೆ ಇಟ್ಕಂಡು ನಕ್ಕ.

“ಸುಳ್ಳು ಹೇಳಬ್ಯಾಡವ್ವ. ಮೊದಲು ನನಗೂ ಅನುಮಾನ ಇತ್ತು. ಅರ್ಜಿ ಓದಾಕೆ ಶುರು ಮಾಡ್ತಿದ್ದಂಗೆ ಮಲಗಿದ್ರು ನೋಡು, ಅಲ್ಲಿಗೆ ಗ್ಯಾರಂಟಿ ಆತು.”