ಯಜಮಾನರ ಉಂಗುರವೂ ನಮ್ಮ ಕಾರ್ಖಾನೆಯ ನಿಯಮವೂ

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ನನಗೆ ನಗಿಸುವ ಹಾಗೆ ಹೇಳಲು ಬರುವುದಿಲ್ಲ, ವಿವರಿಸಲು ಮಾತ್ರ ಬರುತ್ತದೆ. ಶ್ರೀನಿವಾಸಪುರದ ಹತ್ತಿರ ಮಾವಿನ ತಿರುಳು ತೆಗೆದು ಡಬ್ಬಿಗೆ ತುಂಬುವ ಕಾರ್ಖಾನೆಯಲ್ಲಿ ನನ್ನ ಕೆಲಸವೇ ಅದು. ಯಾವ ಕೆಲಸವನ್ನು ಹೇಗೆ ಮಾಡಬೇಕು ಎಂದು ನಾನು ಬರೆದಿಡಬೇಕು. ಹೊರಗಿನಿಂದ ಆಡಿಟರ್ ಬಂದು, ಬರೆದದ್ದಕ್ಕೂ ನಡೆಯುವುದಕ್ಕೂ ತಾಳೆ ನೋಡುತ್ತಾರೆ. ಅವರು ಒಪ್ಪಿದರೆ ಕಾರ್ಖಾನೆಗೆ ಸರ್ಟಿಫಿಕೇಟ್, ನನಗೆ ಕಾಯಂ ಕೆಲಸ. ಒಪ್ಪದಿದ್ದರೆ ಮಾವಿನ ಕಾಲದ ಜೊತೆ ನನ್ನ ಕಾಲವೂ ಮುಗಿಯಿತು ಎಂದು ನಾನು ಸೇರಿದ ದಿನವೇ ಯಜಮಾನರು ಹೇಳಿದ್ದಾರೆ. ಇಷ್ಟು ಗಂಭೀರವಾದ ಜಾಗದಲ್ಲಿ ಇಂಥವೇ ಏಕೆ ನಡೆಯುತ್ತಿರುತ್ತವೋ, ನನಗೂ ಕುತೂಹಲ.

೧. ನೋಡಲು ಹೋದೆ

ಇದ್ದದ್ದನ್ನು ಇದ್ದ ಹಾಗೆ ಬರೆಯಬೇಕಲ್ಲ, ಹಣ್ಣು ತೊಳೆಯುವಲ್ಲಿಗೆ ಹೋಗಿ ಪೆನ್ನು ತೆಗೆದೆ. ತೊಳೆಯುತ್ತಿದ್ದ ಹೆಂಗಸರೆಲ್ಲ ಕೆಲಸ ಬಿಟ್ಟು ಎದ್ದು ನಿಂತರು. ಒಬ್ಬರು ಕುರ್ಚಿ ತಂದರು. ಇನ್ನೊಬ್ಬರು ಹಣ್ಣು ಹೆಚ್ಚಿ ಕೊಟ್ಟರು.

"ನನ್ನ ನೋಡ್ಬೇಡಿ, ನೀವು ಕೆಲಸ ಮಾಡಿ" ಎಂದೆ.

"ಅದೆಂಗೆ ಸಾರ್? ನೀವು ಬಂದು ನಿಂತಿದ್ರೆ ನಮ್ಮ ಪಾಡಿಗೆ ನಾವು ಕೆಲಸ ಮಾಡ್ಕೊಂಡಿದ್ರೆ ಮರ್ಯಾದೆನಾ?"

ಮರುದಿನ ಕ್ರೇಟುಗಳ ಹಿಂದೆ ಅಡಗಿ ಕುಳಿತೆ. ಕ್ರೇಟು ಎಂದರೆ ಹಣ್ಣು ತುಂಬುವ ಪ್ಲಾಸ್ಟಿಕ್ ಪೆಟ್ಟಿಗೆ. ಅದರ ಸಂದಿಯಿಂದ ಎಲ್ಲ ಚೆನ್ನಾಗಿ ಕಾಣುತ್ತದೆ. ಸ್ವಲ್ಪ ಹೊತ್ತಿಗೆ ಸೆಕ್ಯುರಿಟಿಯವರು ಕಾಲರ್ ಹಿಡಿದು ಎತ್ತಿದರು.

"ಹಣ್ಣು ಕದಿಯೋಕೆ ಬರಲಿಲ್ಲಪ್ಪ" ಎಂದೆ.

"ಹಣ್ಣು ಕದ್ದಿದ್ರೆ ಬಿಟ್ಬಿಡ್ತಿದ್ದೆ ಸಾರ್. ಹೆಣ್ಮಕ್ಕಳು ಕೆಲಸ ಮಾಡೋದನ್ನ ಹಿಂಗೆ ಕದ್ದು ನೋಡೋದಾ?"

೨. ನಿಂಬೆಹಣ್ಣಿನಜ್ಜಿ

ಆಡಿಟ್‌ಗೆ ಮೊದಲು ನಮ್ಮ ತಯಾರಿ ನೋಡಲು ಒಬ್ಬ ಸಲಹೆಗಾರರು ಬಂದಿದ್ದರು. ಒಳಗೆ ಬರುವ ಪ್ರತಿ ವಸ್ತುವನ್ನೂ ನಾವು ಪರೀಕ್ಷಿಸಿ ಒಪ್ಪಿದವರಿಂದಲೇ ಕೊಳ್ಳಬೇಕು ಎಂದು ಹೇಳುತ್ತ ಹೇಳುತ್ತ ತಲೆ ಎತ್ತಿದರು. ಮೇಲೆ ದೃಷ್ಟಿಗೆಂದು ಯಜಮಾನರು ಕಟ್ಟಿಸಿದ್ದ ನಿಂಬೆಹಣ್ಣು, ಮೆಣಸಿನಕಾಯಿ.

"ಇದನ್ನ ಯಾರ ಹತ್ರ ತಗೊಂಡ್ರಿ?"

ಬಿಚ್ಚಲು ಯಜಮಾನರು ಒಪ್ಪಲಿಲ್ಲ. ಹಾಗಾಗಿ ಬಸ್ ಸ್ಟ್ಯಾಂಡಿನಲ್ಲಿ ನಿಂಬೆಹಣ್ಣು ಮಾರುವ ರಾಯಲ್ಪಾಡಿನ ಅಜ್ಜಿಯನ್ನು ಪರೀಕ್ಷಿಸಲು ನಾನೇ ಹೋದೆ. ಹಣ್ಣು ಎಲ್ಲಿಂದ ತರುತ್ತೀರಿ, ಎಲ್ಲಿ ಇಡುತ್ತೀರಿ ಎಂದೆಲ್ಲ ಕೇಳಿದೆ.

"ಏಮಿ ನಾಯನಾ, ನಿಂಬೆಹಣ್ಣು ತಗೊಳ್ಳೋಕೆ ಬಂದಿದೀಯಾ, ಹೆಣ್ಣು ನೋಡೋಕೆ ಬಂದಿದೀಯಾ?"

"ಕೊನೇದು ಅಜ್ಜಿ. ನಿಮ್ಮ ಹಣ್ಣು ಕಟ್ಟಿದ್ರೂ ದೃಷ್ಟಿ ಹೋಗ್ಲಿಲ್ಲ ಅಂತ ಯಾರಾದ್ರೂ ದೂರು ಹೇಳಿದಾರಾ?"

"ಹೋಗ್ಲಿಲ್ಲ ಅಂದ್ರೆ, ದೂರು ಹೇಳೋಕೆ ಅವನು ಉಳಿದಿರ್ತಾನೇನಪ್ಪಾ?"

'ದೂರು ಬಂದಿಲ್ಲ' ಎಂದು ಬರೆದುಕೊಂಡು ಬಂದೆ.

೩. ಬಾಗಿಲು ಕಾಯುವ ಅಕ್ಕ

ಇದು ನಡೆದದ್ದಲ್ಲ, ಈಗ ನಡೆಯುತ್ತಿದೆ. ಇವತ್ತೇ ಆಡಿಟ್. ಆಡಿಟರ್ ಒಳಗೆ ತಿರುಳು ತೆಗೆಯುವ ಹಾಲ್‌ನಲ್ಲಿದ್ದಾರೆ, ನಾನು ಬಾಗಿಲ ಹೊರಗೆ ಸ್ಟೂಲಿನ ಮೇಲೆ. ಏಕೆಂದು ವಿವರಿಸಬೇಕು.

ಉಂಗುರ, ಬಳೆ, ವಾಚು ಹಾಕಿಕೊಂಡವರು ಈ ಹಾಲ್‌ನೊಳಗೆ ಹೋಗಬಾರದು. ತಿರುಳಿಗೆ ಬಿದ್ದರೆ ಏನು ಗತಿ? ಈ ನಿಯಮ ಬರೆದವನು ನಾನೇ. ಬಾಗಿಲಲ್ಲಿ ನಿಂತು ಎಲ್ಲರೂ ಪಾಲಿಸುವಂತೆ ನೋಡಿಕೊಳ್ಳುವವರು ಯಲ್ದೂರಿನ ಅಕ್ಕ. ಬೆಳಿಗ್ಗೆ ಯಜಮಾನರು ಆಡಿಟರನ್ನು ಕರೆದುಕೊಂಡು ಬಂದರು. ಅಕ್ಕ ಅಡ್ಡ ನಿಂತರು.

"ಸಾರ್, ಉಂಗುರ ಬಿಚ್ಚಿ."

ಅದು ಹವಳದ ಉಂಗುರ. ಸರ್ಟಿಫಿಕೇಟ್ ಬರಲೆಂದೇ ಜೋಯಿಸರು ಹಾಕಿಸಿದ್ದು, ಬರುವ ತನಕ ಬಿಚ್ಚುವಂತಿಲ್ಲ. ಯಜಮಾನರು ಮೆಲ್ಲಗೆ, "ನನ್ ಫ್ಯಾಕ್ಟರಿ ಕಣಮ್ಮ" ಎಂದರು.

"ಫ್ಯಾಕ್ಟರಿ ನಿಮ್ದೇ ಸಾರ್. ಬಾಗಿಲು ನಂದು."

ಆಡಿಟರ್ ಏನೋ ಬರೆದುಕೊಂಡರು. ಯಜಮಾನರು ಮೂಲೆಗೆ ಹೋಗಿ ಜೋಯಿಸರಿಗೆ ಫೋನ್ ಮಾಡಿದರು. ಅದೇ ನಕ್ಷತ್ರದವರ ಬೆರಳಲ್ಲಿದ್ದರೆ ಸ್ವಲ್ಪ ಹೊತ್ತು ನಡೆಯುತ್ತದೆ ಎಂದರಂತೆ. ಯಜಮಾನರು ಎಲ್ಲರ ನಕ್ಷತ್ರ ವಿಚಾರಿಸಿದರು. ಇಡೀ ಕಾರ್ಖಾನೆಯಲ್ಲಿ ಅವರನ್ನು ಬಿಟ್ಟರೆ ಕೃತ್ತಿಕಾ ನಕ್ಷತ್ರ ನನ್ನದೊಂದೇ.

ಹೀಗೆ ಉಂಗುರ ನನ್ನ ಬೆರಳಿಗೆ ಬಂತು, ಯಜಮಾನರು ಒಳಗೆ ಹೋದರು, ನಾನು ಹೊರಗುಳಿದೆ. ಸುಮ್ಮನೆ ಕುಳಿತರೆ ಭಯವಾಗುತ್ತದೆ ಎಂದು ಇದನ್ನು ಬರೆಯುತ್ತ…

ಅಕ್ಕ ಬಾಗಿಲಿಂದ ತಲೆ ಹಾಕಿದರು. "ಸಾರ್, ಎಲ್ಲಾ ಸರಿಯಾಗಿದೆ ಅಂತಾವ್ರೆ! ಇನ್ನೊಂದೇ ಒಂದು ಬಾಕಿಯಂತೆ. ಈ ನಿಯಮ ಬರೆದೋರು ಒಳಗೆ ಬಂದು, ಅವರೂ ಪಾಲಿಸ್ತಾರಾ ಅಂತ ತೋರಿಸ್ಬೇಕಂತೆ. ಬೇಗ ಉಂಗುರ ಬಿಚ್ಚಿ ಬನ್ನಿ!"

ಬಿಚ್ಚುತ್ತಿದ್ದೇನೆ. ಬರುತ್ತಿಲ್ಲ. ಏಕೆಂದರೆ ಯಜಮಾನರ ಬೆರಳು ಸಣ್ಣದು, ನನ್ನದು ದಪ್ಪ ಅಂತಲ್ಲ, ಗೆಣ್ಣಿನ ಹತ್ತಿರ ಮಾತ್ರ ಸ್ವಲ್ಪ, ಅಂದರೆ ಹಾಕುವಾಗ ಸಲೀಸಾಗಿ ಹೋಗುತ್ತದೆ, ತೆಗೆಯುವಾಗ ಏನಾಗುತ್ತದೆಂದರೆ… ಬಂದೆ ಅಕ್ಕಾ, ಸೋಪು ತನ್ನಿ!