ಬಸಪ್ಪನ ಕಿವಿಗೆ ಬಿದ್ದ ಗಾಳ

ಹೊಳೆಯಲ್ಲಿ ನಿಂತು ಮೀನು ಹಿಡಿಯುವವನಿಗೆ ಎದೆಗಾರಿಕೆ ಇರುತ್ತದೆಂದು ಜನ ಯಾಕೆ ನಂಬಿದ್ದಾರೋ ನನಗೆ ತಿಳಿಯದು. ನಾನಂತೂ ಶಿಂಷೆಯ ನೀರಿಗೆ ಹೆದರದೆ ಇಳಿದ ದಿನವೇ ಇಲ್ಲ. ಮೊಸಳೆಯ ಭಯ, ಸುಳಿಯ ಭಯ, ಕಾಲಿಗೆ ಬಳ್ಳಿ ತಗುಲಿದರೆ ಹಾವಿನ ಭಯ. ಇದನ್ನೆಲ್ಲ ದಾಟಿ ಮೀನೇ ಸಿಕ್ಕಿಬಿಟ್ಟರೆ, ಹಿಡಿಯುವಾಗ ಎಲ್ಲಿ ಕಚ್ಚೀತೋ ಎಂಬ ಭಯ. ಆದರೂ ಬೆಳಗಾದರೆ ಹೋಗುತ್ತಿದ್ದೆ. ಗದ್ದೆಗೆ ನೀರು ಕಟ್ಟುವುದನ್ನು ಆಳಿಗೆ ಬಿಟ್ಟು, ಮೊಣಕಾಲುದ್ದದ ನೀರಿನಲ್ಲಿ ನಡುಗುತ್ತ ನಿಲ್ಲುವುದೇ ನನ್ನ ಬಾಳಾಗಿತ್ತು.

ಈ ಚಟ ಹತ್ತಿಸಿದವರು ಹೊಳೆಯ ಅಳತೆಗೆಂದು ಬಂದು ನಮ್ಮ ತೋಪಿನಲ್ಲಿ ಡೇರೆ ಹಾಕಿದ್ದ ಒಬ್ಬ ಬಿಳಿ ದೊರೆ. ಅವರು ಎರೆಹುಳು ಮುಟ್ಟುತ್ತಿರಲಿಲ್ಲ. ಗಾಳದ ಕೊಕ್ಕೆಗೆ ಕೋಳಿ ಪುಕ್ಕವನ್ನು ರೇಷ್ಮೆ ದಾರದಿಂದ ಸುತ್ತಿ ನೊಣ ಮಾಡುವರು. ಉದ್ದನೆಯ ಕೋಲನ್ನು ತಲೆಯ ಮೇಲೆ ಹಿಂದಕ್ಕೂ ಮುಂದಕ್ಕೂ ಬೀಸಿ, ಆ ನೊಣವನ್ನು ನೀರಿನ ಮೇಲೆ ಹಗುರಾಗಿ ಇಳಿಸುವರು. ನಿಜವಾದ ನೊಣವೆಂದು ಮೀನು ನೆಗೆದು ಹಿಡಿಯುವುದು. ಹೊರಡುವಾಗ ತಮ್ಮ ಹಳೆಯ ಕೋಲು, ಹುರಿ ಎಲ್ಲ ನನಗೆ ಕೊಟ್ಟುಹೋದರು. ಅಂದಿನಿಂದ ನಮ್ಮ ಹುಂಜಗಳ ಕುತ್ತಿಗೆಯ ಮೇಲೆ ಪುಕ್ಕ ನಿಲ್ಲಲಿಲ್ಲ. ಕಬ್ಬು ತುಂಬಿಕೊಂಡು ಮಂಡ್ಯಕ್ಕೆ ಹೋಗುವ ಗಾಡಿಯವರು ಸೇತುವೆಯ ಮೇಲೆ ಎತ್ತು ನಿಲ್ಲಿಸಿ, "ಯಾಕ್ಲಾ ಚನ್ನ, ನೊಣ ಓಡಿಸ್ತಿದ್ದೀಯಾ?" ಎಂದು ಕೂಗುವರು. ನನ್ನ ಹೆಂಡತಿ ನಿಂಗಮ್ಮನದು ಬೇರೆಯೇ ರಾಗ. "ಮೀನಿಗೆ ಕೋಳಿ ತಿನ್ಸಕ್ಕೆ ದಿನಾ ಓಯ್ತೀರಿ. ನಮಗೆ ಮೀನು ತಿನ್ಸೋದು ಯಾವಾಗ?" ಎನ್ನುವಳು.

ಈ ವಿದ್ಯೆಯಲ್ಲಿ ಒಂದು ತೊಡಕಿದೆ. ಕೋಲನ್ನು ಹಿಂದಕ್ಕೆ ಬೀಸಿದಾಗ ಹುರಿ ಬೆನ್ನ ಹಿಂದೆ ಮಾರುಗಟ್ಟಲೆ ಹಾರುತ್ತದೆ, ನಮ್ಮ ಕಣ್ಣು ಮಾತ್ರ ಮುಂದೆಯೇ ಇರುತ್ತದೆ. ಆ ದಿನ ಬೆಳಿಗ್ಗೆ ನನ್ನ ಎದುರಿಗೆ ನೀರಿನಲ್ಲಿ ಕರಿಯ ಮರದ ತುಂಡೊಂದು ತೇಲುತ್ತಿತ್ತು. ಅದು ತುಂಡೋ ಮೊಸಳೆಯೋ ಎಂದು ಉಸಿರು ಬಿಗಿಹಿಡಿದು ನೋಡುತ್ತಲೇ ಬೀಸಿದೆ. ಕೋಲು ಮುಂದಕ್ಕೆ ಬರಲಿಲ್ಲ. ಮುಳ್ಳಿನ ಗಿಡಕ್ಕೆ ಸಿಕ್ಕಿರಬೇಕೆಂದು ತಿರುಗಿದೆ. ದಂಡೆಯ ಮೇಲೆ ನಿಂತಿದ್ದವನು ಬಸಪ್ಪ! ನಮ್ಮೂರ ದೇವರಿಗೆ ಬಿಟ್ಟ ಹೋರಿ. ಎಡಗಿವಿಯ ಅಂಚಿನಲ್ಲಿ ನನ್ನ ಕೆಂಪು ಪುಕ್ಕ ಹೂವು ಮುಡಿದಂತೆ ಕೂತಿತ್ತು.

ಹಿಂದೊಮ್ಮೆ ರಾಗಿ ಪೈರು ಮೇಯ್ದನೆಂದು ಬಸಪ್ಪನಿಗೆ ಕೋಲಿನಿಂದ ಒಂದೇ ಒಂದು ಏಟು ಹಾಕಿದವನಿಗೆ ಊರಿನವರು ನೀರು, ಬೆಂಕಿ ಎರಡನ್ನೂ ನಿಲ್ಲಿಸಿದ್ದರು. ಅವನು ತಪ್ಪುಕಾಣಿಕೆ ಕಟ್ಟಿ, ಗುಡಿಯ ಸುತ್ತ ಉರುಳಿದ ಮೇಲೆಯೇ ಬಾವಿ ಅವನಿಗೆ ಸಿಕ್ಕಿದ್ದು. ಇನ್ನು ದೇವರ ಕಿವಿಗೇ ಗಾಳ ಹಾಕಿದವನನ್ನು ಏನು ಮಾಡಿಯಾರು? ಹುರಿ ಕಡಿದು ಓಡಿಹೋಗೋಣವೆಂದರೆ ಪುಕ್ಕ ಕಿವಿಯಲ್ಲೇ ಉಳಿಯುತ್ತದೆ. ಮದ್ದೂರಿನಿಂದ ಮಳವಳ್ಳಿಯವರೆಗೆ ಹುಡುಕಿದರೂ ಅಂಥ ಗಾಳ ಇದ್ದವನು ನಾನೊಬ್ಬನೇ. ಬಿಡಿಸಲು ಹತ್ತಿರ ಹೋದೆ. ಬಸಪ್ಪ ಕೊಂಬು ತಗ್ಗಿಸಿ ಬುಸ್ ಎಂದ. ನಾನು ಹಿಂದೆ ಸರಿದೆ, ಹುರಿ ಬಿಗಿಯಿತು. ಕಿವಿ ಚುರುಗುಟ್ಟಿತೋ ಏನೋ, ಅವನು ಎಳೆತ ಸಡಿಲವಾಗಲೆಂದು ಒಂದು ಹೆಜ್ಜೆ ಮುಂದೆ ಬಂದ. ನಾನು ಮತ್ತೆ ಸರಿದೆ, ಅವನು ಮತ್ತೆ ಬಂದ. ದಿಕ್ಕು ತೋಚದೆ, ನಿಂಗಮ್ಮನಾದರೂ ಏನಾದರೂ ಮಾಡಿಯಾಳೆಂದು, ಕೋಲು ಹೆಗಲಿಗಿಟ್ಟು ಮನೆಯ ಕಡೆ ನಡೆದೆ. ನನ್ನ ಹಿಂದೆ ಬಸಪ್ಪ.

ಊರೊಳಗೆ ಬರುವಷ್ಟರಲ್ಲಿ ಜನ ಬಾಗಿಲುಗಳಿಗೆ ಬಂದು ನಿಂತಿದ್ದರು. ಬಿಸಿಲಿನಲ್ಲಿ ಹುರಿಯ ತುದಿಯ ಸಣ್ಣ ಎಳೆ ಯಾರ ಕಣ್ಣಿಗೂ ಬೀಳಲಿಲ್ಲ. ಅವರು ಕಂಡದ್ದು ಇಷ್ಟೇ: ಬಸಪ್ಪ ಕುರಿಮರಿಯಂತೆ ಚನ್ನನ ಹಿಂದೆ ಹೋಗುತ್ತಿದ್ದಾನೆ. ಒಬ್ಬೊಬ್ಬರೇ ಕೈಮುಗಿದು ನಮ್ಮ ಹಿಂದೆ ಸೇರಿಕೊಂಡರು. ನಾನು ತಿರುಗಿ ನೋಡಲಿಲ್ಲ. ಬೆನ್ನ ಹಿಂದೆ ಬಸಪ್ಪನ ಉಸಿರು ಕೇಳುತ್ತಿತ್ತು.

ಮನೆಯ ಬಾಗಿಲಲ್ಲಿ ಬಸಪ್ಪ ನಿಂತ. ಪಟೇಲ ಮಾಯಿಗೌಡರು ಗುಂಪನ್ನು ಸೀಳಿಕೊಂಡು ಬಂದು ಪೇಟ ತೆಗೆದರು. "ಬಸಪ್ಪ ನಿನ್ನ ಆರಿಸ್ಕಂಡವ್ನೆ ಕಣ್ಲಾ ಚನ್ನ! ಗುಡ್ಡಪ್ಪ ತೀರ್ಕಂಡ ಮ್ಯಾಕೆ ಯಾರ ಮನೆ ಬಾಗ್ಲಿಗೂ ಓಗಿರ್ನಿಲ್ಲ" ಎಂದರು. ಗುಡ್ಡಪ್ಪನೆಂದರೆ ದೇವರ ಸೇವೆಗೆ ನಿಲ್ಲುವವನು, ಮೀನು ಮುಟ್ಟುವಂತಿಲ್ಲ. ಅವನನ್ನು ಊರು ಆರಿಸುವುದಿಲ್ಲ, ಹೋರಿಯೇ ಆರಿಸುವುದು ನಮ್ಮ ಕಡೆಯ ಪದ್ಧತಿ. ನಿಜ ಹೇಳಿದರೆ ಊರು ಬಿಡಬೇಕು, ಹೇಳದಿದ್ದರೆ ಹೊಳೆ ಬಿಡಬೇಕು.

ಅಷ್ಟರಲ್ಲಿ ನಿಂಗಮ್ಮ ಅರಿಶಿನ ಕುಂಕುಮದ ಬಟ್ಟಲು ಹಿಡಿದು ಬಂದಳು. ಪುಕ್ಕ ಕಂಡಳು, ನನ್ನ ಮುಖ ಕಂಡಳು. ಬಸಪ್ಪನ ಕತ್ತಿನಡಿ ಜೋಲುವ ಗಂಗೆದೊಗಲನ್ನು ನಿಧಾನವಾಗಿ ಕೆರೆಯುತ್ತ, ಹಣೆಗೆ ಅರಿಶಿನ ಬಳಿದು, ಕಿವಿಗೂ ಬಳಿಯುವಂತೆ ಮಾಡಿ, ಕೊಕ್ಕೆಯನ್ನು ಒಂದೇ ತಿರುವಿಗೆ ಬಿಡಿಸಿ ಸೆರಗಿನೊಳಗೆ ಹಾಕಿಕೊಂಡಳು. ಹನಿ ರಕ್ತ ಬಂದ ಕಡೆ ಕುಂಕುಮ ಒತ್ತಿದಳು. ಬಸಪ್ಪ ತಲೆ ಕೊಡವಿ ಹೊರಟುಹೋದ.

"ಬರೋ ಸ್ವಾಮಾರ ಗುಡಿ ಮುಂದೆ ನಿಲ್ಲು. ಇನ್ನೊಂದ್ಸಲ ನಿನ್ ತಾವ ಬಂದ್ರೆ ಮುಗೀತು, ನೀನೇ ಗುಡ್ಡಪ್ಪ. ಮೀನು, ಮಾಂಸ ಎಲ್ಲಾ ಬುಟ್ಬುಡಬೇಕು" ಎಂದರು ಪಟೇಲರು.

ಸೋಮವಾರದವರೆಗೆ ನಾನು ಅನ್ನ ನೀರು ಸೇರದೆ ಒಣಗಿದೆ. ಬಸಪ್ಪ ಭಕ್ತಿಯಿಂದ ಬಂದರೆ ಬಾಳು ಹೋಯಿತು, ಸಿಟ್ಟಿನಿಂದ ಬಂದರೆ ಜೀವವೇ ಹೋಯಿತು. "ಪಟೇಲ್ರಿಗೆ ನಿಜ ಯೋಳ್ಬುಡ್ಲಾ?" ಎಂದು ನಿಂಗಮ್ಮನನ್ನು ಕೇಳಿದೆ. "ಯೋಳಿ. ಅದುಕ್ ಮುಂಚೆ ನನ್ನ ಮಳವಳ್ಳೀಲಿ ನಮ್ಮಪ್ಪನ್ ಮನೇಗ್ ಬುಟ್ಬುಡಿ" ಎಂದಳು.

ಸೋಮವಾರ ಒದ್ದೆ ಪಂಚೆಯಲ್ಲಿ ಗುಡಿಯ ಮುಂದೆ ನಿಂತೆ. ತಮಟೆ ನಿಂತಿತು. ಹೂವಿನ ಹಾರ ಹಾಕಿದ ಬಸಪ್ಪ ಗುಂಪಿನ ನಡುವೆ ನಿಧಾನವಾಗಿ ಬಂದ. ನೇರವಾಗಿ ನನ್ನ ಕಡೆಗೇ. ಕಣ್ಣು ಮುಚ್ಚಿಕೊಂಡೆ. ನನ್ನ ಹಲ್ಲು ಕಟಕಟಿಸುವುದು ನನಗೇ ಕೇಳುತ್ತಿತ್ತು. ಕಣ್ಣು ಬಿಟ್ಟಾಗ ಮಾರು ದೂರದಲ್ಲಿ ಅವನ ಮುಖ. ಅವನೂ ನನ್ನ ಗುರುತು ಹಿಡಿದ. ಕಿವಿಯೆರಡೂ ಹಿಂದಕ್ಕೆ ಮಡಚಿಕೊಂಡವು. ಒಮ್ಮೆ ಬುಸುಗುಟ್ಟಿ ಗಕ್ಕನೆ ತಿರುಗಿ, ತಮಟೆಯವರನ್ನು ಚದುರಿಸಿಕೊಂಡು ಊರಾಚೆಗೆ ಓಟ ಕಿತ್ತ!

ಪಟೇಲರ ಕಣ್ಣು ಕೆಂಪಾಯಿತು. "ಏನ್ಲಾ ಮಾಡ್ದೆ ಬಸಪ್ಪಂಗೆ?" ಎಂದರು. ಗುಂಪು ಒಂದು ಹೆಜ್ಜೆ ಹತ್ತಿರ ಬಂತು. ನನ್ನ ಕಥೆ ಮುಗಿಯಿತೆಂದುಕೊಂಡೆ.

"ಮಾಡೋದೇನು ದೊಡ್ಡಪ್ಪಾ?" ಎಂದು ನಿಂಗಮ್ಮ ಹೆಂಗಸರ ನಡುವಿನಿಂದ ಗಟ್ಟಿಯಾಗಿ ಹೇಳಿದಳು. "ದಿನಾ ವೊಳೇಲಿ ನಿಂತು ಮೈಯೆಲ್ಲಾ ಮೀನ್ ವಾಸ್ನೆ. ನಾನೇನೋ ಕಟ್ಕಂಡ ತಪ್ಪಿಗೆ ತಡ್ಕಂಡಿವ್ನಿ. ದೇವ್ರು ಯಾಕ್ ತಡ್ಕಂತಾನೆ?"

ಮೊದಲು ಹೆಂಗಸರು ನಕ್ಕರು, ಆಮೇಲೆ ಊರೇ ನಕ್ಕಿತು. ಪಟೇಲರೂ ಮೀಸೆಯಡಿಯಲ್ಲಿ ನಕ್ಕು, "ಓಗ್ಲಾ, ಮೈ ತೊಳ್ಕೋ ಓಗು" ಎಂದರು.

ಜೀವ ಉಳಿಯಿತು, ಹೊಳೆಯೂ ಉಳಿಯಿತು. ಕುಣಿದಾಡಬೇಕಾದವನು ಮನೆಗೆ ಬಂದು ಜಗಲಿಯ ಮೇಲೆ ಮುಖ ಊದಿಸಿಕೊಂಡು ಕೂತೆ. ಬಸಪ್ಪ ಒಪ್ಪಿಬಿಟ್ಟರೆ ಗತಿಯೇನೆಂದು ನಡುಗಿದ್ದ ನನಗೆ, ಊರೆಲ್ಲರ ಎದುರು ಬೇಡವೆಂದು ಓಡಿಹೋದನಲ್ಲ ಎಂಬ ಅವಮಾನ.

"ನನ್ ಮೈ ಅಷ್ಟೊಂದ್ ಮೀನ್ ವಾಸ್ನೆ ಬತ್ತದಾ?" ಎಂದು ನಿಂಗಮ್ಮನನ್ನು ಕೇಳಿದೆ.

ಅವಳು ಮುದ್ದೆಯ ತಟ್ಟೆ ಕೆಳಗಿಟ್ಟು, ಹತ್ತಿರ ಬಂದು ನನ್ನ ಹೆಗಲನ್ನು ಒಮ್ಮೆ ಮೂಸಿದಳು.

"ಮೀನಿಂದಲ್ಲ ಕಣಿ, ಎದ್ರಿಕೇದು" ಎಂದಳು.