ಗವರ್ನರ್ ಆಗದವರ ಬ್ಯಾನರು

ಎದುರಿಗಿದ್ದವರಿಗೆ "ಆಗಲ್ಲ" ಅನ್ನೋದು ನನಗೆ ಬರೋದಿಲ್ಲ. ಹಾಗಾಗಿ ಊರಿನ ತಲೆನೋವೆಲ್ಲ ನಮ್ಮ ಮನೆಗೇ ಬರುತ್ತದೆ. ಅಮೆರಿಕದ ಮಿಲ್ ಕ್ರೀಕ್‌ನಲ್ಲಿದ್ದಾಗ ಹಾಗೆ ಬಂದದ್ದು ಗವರ್ನರ್ ಚುನಾವಣೆ. ಅಲ್ಲಿ ಗವರ್ನರ್ ಅಂದರೆ ನಮ್ಮ ಮುಖ್ಯಮಂತ್ರಿ ಇದ್ದ ಹಾಗೆ. ಎದುರು ಮನೆಯ ನಿವೃತ್ತ ಟೀಚರಮ್ಮ ಒಬ್ಬ ಅಭ್ಯರ್ಥಿಯ ಪರ ಪ್ರಚಾರ ನಡೆಸುತ್ತಿದ್ದರು. "ನಿಮ್ಮ ಗ್ಯಾರೇಜಲ್ಲಿ ಪ್ರಚಾರದ ನಾಲ್ಕು ಪೆಟ್ಟಿಗೆ ಇಡಲಾ?" ಅಂದರು. "ಇಡಿ" ಅಂದೆ. ಮರುದಿನ ಲಾರಿ ಬಂತು.

ಫೋನು

ಪೆಟ್ಟಿಗೆ ಇಳಿಸಲು ವಿಳಾಸ ಬೇಕೆಂದು ಟೀಚರಮ್ಮ ಪ್ರೆಸ್ಸಿನವರಿಗೆ ನಮ್ಮ ವಿಳಾಸ, ಫೋನ್ ನಂಬರ್ ಎರಡೂ ಕೊಟ್ಟಿದ್ದರು. ಅವರು ಆ ನಂಬರನ್ನು ಕರಪತ್ರದ ಕೆಳಗೆ, "ದೂರುಗಳಿದ್ದರೆ ಕರೆ ಮಾಡಿ" ಅಂತ ಅಚ್ಚು ಹಾಕಿಬಿಟ್ಟರು. ನಮಗೆ ಗೊತ್ತಾಗುವ ಹೊತ್ತಿಗೆ ಅರ್ಧ ಹಂಚಿಯಾಗಿತ್ತು.

ಫೋನು ಎತ್ತಲು ಇಬ್ಬರಿಗೂ ಭಯ. ಶನಿವಾರ ಹೆಂಡತಿ ರಿಸೀವರ್‌ಗೆ ಕೈ ಅಡ್ಡ ಹಿಡಿದು, "ರೀ, ಯಾರೋ 405 ಹೆದ್ದಾರಿ ಯಾವಾಗ ಸರಿಮಾಡ್ತೀರಿ ಅಂತ ಬೈತಿದಾರೆ" ಅಂದಳು.

"ಸಾರಿ ಅಂದು ಇಟ್ಟುಬಿಡು."

ಅವಳು ಇಡಲಿಲ್ಲ. ಅದೇ ರಸ್ತೆಯಲ್ಲಿ ದಿನಾ ಆಫೀಸಿಗೆ ತೆವಳುತ್ತಿದ್ದವಳು. ಯಾವ ಎಕ್ಸಿಟ್‌ನಲ್ಲಿ ಎಷ್ಟು ಹೊತ್ತು ನಿಲ್ಲಬೇಕು, ಯಾವ ಲೇನಿನಲ್ಲಿ ಯಾರು ನುಗ್ಗುತ್ತಾರೆ, ಎಲ್ಲ ಶುರುಮಾಡಿದಳು. ಇಪ್ಪತ್ತು ನಿಮಿಷ ಅವಳೇ ಮಾತಾಡಿದಳು. ಕೊನೆಗೆ ಅವರು ಕೇಳಿದರಂತೆ: "ನಿಮ್ಮ ಅಭ್ಯರ್ಥಿ ಹಾಗಿರಲಿ. ನೀವೇ ಯಾಕೆ ನಿಲ್ಲಬಾರದು?"

ಬೋರ್ಡು

ಮುಂದಿನ ವಾರ ಮನೆಗಳ ಮುಂದೆ ಬೋರ್ಡು ನೆಡುವ ಕೆಲಸ ನನ್ನ ತಲೆಗೆ ಬಂತು. ಅಲ್ಲಿ ಒಂದೇ ನಂಬರಿನ ಎರಡು ರಸ್ತೆ ಇರುತ್ತವೆ, ಒಂದಕ್ಕೆ ಸ್ಟ್ರೀಟ್ ಅನ್ನುತ್ತಾರೆ, ಇನ್ನೊಂದಕ್ಕೆ ಪ್ಲೇಸ್. ಪ್ರಿಂಟ್ ತೆಗೆದ ಮ್ಯಾಪು ಮಳೆಗೆ ನೆನೆದು, ನಾನು ಪ್ಲೇಸಿಗೆ ಹೋಗುವ ಬದಲು ಸ್ಟ್ರೀಟಿಗೆ ಹೋದೆ.

ಹುಲ್ಲಿನ ಮೇಲೆ ಬೋರ್ಡಿಟ್ಟು ಸುತ್ತಿಗೆಯಿಂದ ಹೊಡೆಯುತ್ತಿದ್ದಾಗ ಬಾಗಿಲು ತೆರೆಯಿತು. ಎತ್ತರದ ಮುದುಕರೊಬ್ಬರು, ಪಕ್ಕದಲ್ಲಿ ಅವರ ಸೊಂಟದವರೆಗಿನ ನಾಯಿ. ನನ್ನ ಕೈ ನಿಂತಿತು.

"ನಿಲ್ಲಿಸಬೇಡಿ," ಅಂದರು. "ಸ್ವಲ್ಪ ಎಡಕ್ಕೆ. ಅಲ್ಲಿ ನೀರಿನ ಪೈಪಿದೆ."

ಎಡಕ್ಕೆ ಸರಿಸಿದೆ. ನಾಯಿ ಗುರ್ ಅಂತಲೇ ಇತ್ತು.

"ಓರೆಯಾಗಿದೆ."

ನೆಟ್ಟಗೆ ಮಾಡಿದೆ.

"ಈಗ ಸರಿಹೋಯ್ತು. ಇನ್ನು ಕಿತ್ತುಕೊಳ್ಳಿ. ನಿಮ್ಮ ಎದುರು ಪಾರ್ಟಿಗೆ ಇಲ್ಲಿ ನಾನೇ ಅಧ್ಯಕ್ಷ. ಆದರೆ ಯಾವ ಪಾರ್ಟಿಯವರಾದ್ರೂ ಬೋರ್ಡ್ ಓರೆಯಾಗಿ ನೆಟ್ಟರೆ ನನಗೆ ಸಹಿಸಕ್ಕಾಗಲ್ಲ."

ಬ್ಯಾನರು

ಓಟು ಬಹುಪಾಲು ಅಂಚೆಯಲ್ಲಿ ಬರುವುದರಿಂದ ಎಣಿಕೆ ದಿನಗಟ್ಟಲೆ ನಡೆಯಿತು. ಟೀಚರಮ್ಮ ಉಗುರು ಕಚ್ಚುತ್ತಾ ನಮ್ಮ ಮನೆಯಲ್ಲೇ ಕೂರುತ್ತಿದ್ದರು. ಕೊನೆಗೆ ಅವರ ಅಭ್ಯರ್ಥಿ ಸೋತರು. ಗ್ಯಾರೇಜಿನಲ್ಲಿದ್ದ ಸಾಮಾನು ಒಯ್ಯಲು ಯಾರೂ ಬರಲಿಲ್ಲ. ನಮ್ಮ ಹಳೇ ಕಾರಿನ ಎಂಜಿನ್ ಆಯಿಲ್ ಸೋರುತ್ತಿತ್ತು. ಅಭ್ಯರ್ಥಿಯ ಫೋಟೋ ಇದ್ದ ದಪ್ಪ ಪ್ಲಾಸ್ಟಿಕ್ಕಿನ ಒಂದು ಬ್ಯಾನರನ್ನು ನಾನು ಕಾರಿನ ಕೆಳಗೆ ಹಾಸಿಬಿಟ್ಟೆ. ಅವರ ಮುಖ ಮೇಲಾಗಿತ್ತು.

ಒಂದು ಭಾನುವಾರ ಟೀಚರಮ್ಮನ ಫೋನು: "ನಮ್ಮ ಅಭ್ಯರ್ಥಿ ಎಲ್ಲರಿಗೂ ಥ್ಯಾಂಕ್ಸ್ ಹೇಳೋಕೆ ಬಂದಿದಾರೆ. ಐದು ನಿಮಿಷದಲ್ಲಿ ನಿಮ್ಮನೆಗೆ ಕರ್ಕೊಂಡು ಬರ್ತೀನಿ."

"ರೀ, ಮೊದಲು ಗ್ಯಾರೇಜ್ ಬಾಗಿಲು ಹಾಕಿ," ಅಂದಳು ಹೆಂಡತಿ.

ಹಾಕಿದೆ. ಅವರು ಬಂದರು. ಟಿವಿಯಲ್ಲಿ ಕಂಡದ್ದಕ್ಕಿಂತ ಸಣ್ಣಗಿದ್ದರು, ಕಣ್ಣು ಬಾಡಿತ್ತು. ಕಾಫಿ ಲೋಟ ಹಿಡಿದು, "ನನ್ನ ಸಾಮಾನನ್ನ ಇಷ್ಟು ದಿನ ಜೋಪಾನ ಮಾಡಿದೀರಿ" ಅಂದರು. ನಾನು ಬಿಸ್ಕತ್ತಿನ ತಟ್ಟೆಯನ್ನು ಅವರ ಮುಂದೆ ಸರಿಸಿದೆ.

ಅಷ್ಟರಲ್ಲಿ ನಮ್ಮ ಆರು ವರ್ಷದ ಮಗಳು ಬಂದು ಅವರ ಮುಖವನ್ನೇ ದಿಟ್ಟಿಸಿದಳು.

"ಐ ನೋ ಯು," ಅಂದಳು. "ಯು ಲಿವ್ ಅಂಡರ್ ಅವರ್ ಕಾರ್."

ಅವರು ಲೋಟ ಕೆಳಗಿಟ್ಟು, "ತೋರಿಸ್ತೀಯಾ?" ಅಂತ ಮಗಳನ್ನು ಕೇಳಿದರು. ಅವಳು ಕೈ ಹಿಡಿದು ಕರೆದುಕೊಂಡೇ ಹೋದಳು. ನಾವು ಹಿಂದೆ ಹೋದೆವು, ಅಪರಾಧಿಗಳ ಹಾಗೆ.

ಅವರು ಮಂಡಿಯೂರಿ ಕಾರಿನ ಕೆಳಗೆ ಇಣುಕಿದರು. ಬ್ಯಾನರಿನಲ್ಲಿದ್ದ ಅವರ ಮುಖಕ್ಕೆ ಹಣೆಯಿಂದ ಗಲ್ಲದವರೆಗೆ ಆಯಿಲ್.

"ಇನ್ನೂ ಸೋರ್ತಿದೆಯಾ?"

"ಹೌದು ಸಾರ್. ಈಗಲೇ ತೆಗೆದುಬಿಡ್ತೀನಿ."

"ಬೇಡ, ಇರಲಿ," ಅಂದರು, ಮಂಡಿ ಒರೆಸಿಕೊಳ್ಳುತ್ತ. "ಈ ರಾಜ್ಯದಲ್ಲಿ ನನಗೆ ಸಿಕ್ಕಿರೋ ಕೆಲಸ ಅದೊಂದೇ."